ಅಂಗೈ ಅಗಲದ ಪಿಎಂ 2.5 ಮೀಟರ್: ಕಲಬುರಗಿ ಸೀಮೆಯ ದೂಳಿನಲ್ಲಿ ಎಷ್ಟು ನಂಬಬಹುದು?

ಪಿಎಂ 2.5 ಎಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರಾನಿನ ಒಳಗಿನ ಸಣ್ಣ ಕಣಗಳು; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದನ್ನು ಅಳೆಯುವ ಮೀಟರ್ ಮನೆಗೆ ಬಂದ ದಿನವೇ ಒಂದು ಪರೀಕ್ಷೆ ಮಾಡಿ ನೋಡಿ. ತೊಗರಿ ತುಂಬಿಟ್ಟಿದ್ದ ಹಳೆಯ ಗೋಣಿಚೀಲವನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಎರಡು ಸಲ ಜೋರಾಗಿ ಕೊಡವಿ. ಬಿಸಿಲುಕೋಲಿನಲ್ಲಿ ದೂಳು ಸುಳಿಯುವುದು ಬರಿಗಣ್ಣಿಗೇ ಕಾಣುತ್ತದೆ, ಸೀನು ಬರುತ್ತದೆ. ಮೀಟರಿನ ಅಂಕಿ ಮಾತ್ರ ಸ್ವಲ್ಪ ಏರಿ ಮತ್ತೆ ಇಳಿದುಬಿಡುತ್ತದೆ. ಅರ್ಧ ಗಂಟೆ ಬಿಟ್ಟು, ಬಾಗಿಲು ಮುಚ್ಚಿದ ಅದೇ ಕೋಣೆಯಲ್ಲಿ ಒಂದೇ ಒಂದು ಊದಿನಕಡ್ಡಿ ಹಚ್ಚಿ. ಎಳೆಯಷ್ಟು ಹೊಗೆ. ಅಂಕಿ ನೋಡನೋಡುತ್ತಿದ್ದಂತೆ ನೂರರ ಕಡೆಗೆ ಓಡುತ್ತದೆ. ಯಂತ್ರ ಕೆಟ್ಟಿಲ್ಲ, ಅದರ ಗುಣವೇ ಅಷ್ಟು. ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ, ದಪ್ಪ ದೂಳನ್ನು ಹಿಡಿಯುವುದಿಲ್ಲ. ಸಿಮೆಂಟು, ಶಹಾಬಾದ್ ಕಲ್ಲು, ದಾಲ್ ಮಿಲ್ಲು, ಎರೆಮಣ್ಣಿನ ರಸ್ತೆ ಇವೆಲ್ಲ ಇರುವ ಜಿಲ್ಲೆಗಳಲ್ಲಿ ಈ ಒಂದು ವಿಷಯ ಗೊತ್ತಿಲ್ಲದೆ ಮೀಟರ್ ಕೊಂಡರೆ ತಪ್ಪು ಧೈರ್ಯ ಬರುತ್ತದೆ. ಅದು ಮೀಟರ್ ಇಲ್ಲದಿರುವುದಕ್ಕಿಂತ ಅಪಾಯ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದೇ ಕಂಪನಿಯ ಮೀಟರನ್ನಲ್ಲ, ಆನ್‌ಲೈನ್‌ನಲ್ಲಿ ಸುಮಾರು ಎರಡೂವರೆ ಸಾವಿರದಿಂದ ಏಳೆಂಟು ಸಾವಿರ ರೂಪಾಯಿಗೆ ಸಿಗುವ ಲೇಸರ್ ಮೀಟರುಗಳನ್ನು. ಹೊರಗಿನ ಡಬ್ಬಿ, ಪರದೆ, ಹೆಸರು ಬೇರೆ ಬೇರೆ. ಒಳಗಿರುವ ಸೆನ್ಸರ್ ಮಾತ್ರ ಹೆಚ್ಚಿನವುಗಳಲ್ಲಿ ಬೆರಳೆಣಿಕೆಯಷ್ಟು ತಯಾರಕರದು: ಪ್ಲಾಂಟವರ್‌ನ ಪಿಎಂಎಸ್ ಸರಣಿ, ನೋವಾದ ಎಸ್‌ಡಿಎಸ್ 011, ಸ್ವಲ್ಪ ದುಬಾರಿ ಮೀಟರುಗಳಲ್ಲಿ ಸೆನ್ಸಿರಿಯನ್‌ನ ಎಸ್‌ಪಿಎಸ್ 30. ಹಾಗಾಗಿ ಕೊಳ್ಳುವ ಮುಂಚೆ ಡಬ್ಬಿಯ ಅಂದ ನೋಡುವುದನ್ನು ಬಿಟ್ಟು ಒಳಗೆ ಯಾವ ಸೆನ್ಸರ್ ಇದೆ ಎಂದು ಕೇಳಬೇಕು. ಉತ್ತರ ಕೊಡದ ಮಾರಾಟಗಾರರನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಕೆಲಸ ಮಾಡುವ ಬಗೆ ಸರಳ. ಚಿಕ್ಕ ಫ್ಯಾನ್ ಗಾಳಿಯನ್ನು ಒಳಗೆಳೆಯುತ್ತದೆ, ಆ ಗಾಳಿಗೆ ಅಡ್ಡಲಾಗಿ ಲೇಸರ್ ಕಿರಣ ಹಾಯುತ್ತದೆ, ಕಣಕ್ಕೆ ತಾಗಿ ಚದರಿದ ಬೆಳಕನ್ನು ಪಕ್ಕದಲ್ಲಿರುವ ಫೋಟೋಡಯೋಡ್ ಹಿಡಿಯುತ್ತದೆ. ಚದರಿದ ಬೆಳಕಿನಿಂದ ಕಣದ ಗಾತ್ರವನ್ನು, ಗಾತ್ರದಿಂದ ತೂಕವನ್ನು ಲೆಕ್ಕ ಹಾಕಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಎಂದು ಪರದೆಯ ಮೇಲೆ ಬರೆಯುತ್ತದೆ. ಗಮನಿಸಿ, ಎಲ್ಲಿಯೂ ತೂಗುವುದಿಲ್ಲ. ಕಣ ಎಷ್ಟು ಸಾಂದ್ರ, ಯಾವ ಆಕಾರ, ಎಂಥ ಬಣ್ಣ ಎಂಬುದೆಲ್ಲ ಕಾರ್ಖಾನೆಯಲ್ಲೇ ಊಹಿಸಿಟ್ಟದ್ದು. ಸರ್ಕಾರಿ ಮಾಪನ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಬೀಟಾ ಯಂತ್ರದಲ್ಲಿ ಹಾಗಲ್ಲ. ಅಲ್ಲಿ ಕಣಗಳು ಫಿಲ್ಟರ್ ಪಟ್ಟಿಯ ಮೇಲೆ ಕೂರುತ್ತವೆ, ಅವು ಎಷ್ಟು ಬೀಟಾ ವಿಕಿರಣವನ್ನು ತಡೆದವು ಎಂಬುದರಿಂದ ತೂಕ ತಿಳಿಯುತ್ತದೆ. ಒಳಗೆ ಬರುವ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ತೆಗೆಯುವ ಏರ್ಪಾಡೂ ಇರುತ್ತದೆ.

ಪ್ಲಾಂಟವರ್‌ನ ಪಿಎಂಎಸ್ 5003 ಸೆನ್ಸರಿನ ಡೇಟಾಶೀಟ್ (ತಯಾರಕರು ಕೊಡುವ ತಾಂತ್ರಿಕ ವಿವರಪಟ್ಟಿ) ಹೇಳುವುದನ್ನೇ ತೆಗೆದುಕೊಳ್ಳೋಣ. 100ರ ಒಳಗಿನ ಅಂಕಿಯಲ್ಲಿ 10 ಹೆಚ್ಚು ಕಡಿಮೆ, 100ರಿಂದ 500ರವರೆಗೆ ಶೇ 10 ಹೆಚ್ಚು ಕಡಿಮೆ. ಎಂದರೆ ಪರದೆಯಲ್ಲಿ 22 ಕಂಡರೆ ನಿಜ 12 ಇರಬಹುದು, 32 ಇರಬಹುದು. 'ನಿನ್ನೆ 22, ಇವತ್ತು 27' ಎಂದು ತಲೆಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಅರ್ಧದಷ್ಟನ್ನು ಮಾತ್ರ ಎಣಿಸುತ್ತದೆ, 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡವಾದರೆ ಶೇ 98ರಷ್ಟನ್ನು. ಚಾಲೂ ಮಾಡಿದ ಮೇಲೆ ಕನಿಷ್ಠ 30 ಸೆಕೆಂಡ್ ಕಾಯಬೇಕು, ಅದಕ್ಕೂ ಮೊದಲಿನ ಅಂಕಿ ಲೆಕ್ಕಕ್ಕಿಲ್ಲ.

ಈಗ ದಪ್ಪ ದೂಳಿನ ವಿಷಯ. ಪರದೆಯ ಮೇಲೆ ಪಿಎಂ 2.5ರ ಪಕ್ಕದಲ್ಲೇ ಪಿಎಂ 10, ಎಂದರೆ 10 ಮೈಕ್ರಾನಿನವರೆಗಿನ ದಪ್ಪ ಕಣವನ್ನೂ ಸೇರಿಸಿದ ಇನ್ನೊಂದು ಅಂಕಿಯೂ ಇರುತ್ತದೆ. ಅದನ್ನು ನೋಡಬೇಡಿ. ದೊಡ್ಡ ಕಣಕ್ಕೆ ತೂಕ ಜಾಸ್ತಿ. ಸೆನ್ಸರಿನ ಒಳದಾರಿ ಸೊಟ್ಟ, ಫ್ಯಾನಿಗೆ ಶಕ್ತಿ ಸಾಲದು. ಕಣ ತಿರುವಿನಲ್ಲಿ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ, ಲೇಸರ್ ತನಕ ಬರುವುದೇ ಇಲ್ಲ. ಬಂದರೂ ಅವು ಎಣಿಕೆಯಲ್ಲಿ ತೀರಾ ವಿರಳ. 10 ಮೈಕ್ರಾನಿನ ಒಂದು ಕಣದ ತೂಕ 1 ಮೈಕ್ರಾನಿನ ಸಾವಿರ ಕಣಗಳಿಗೆ ಸಮ. ಆ ಒಂದು ಕಣ ತಪ್ಪಿಸಿಕೊಂಡರೆ ಲೆಕ್ಕವೇ ತಲೆಕೆಳಗು. ಎಸ್‌ಪಿಎಸ್ 30ರ ತಯಾರಕರು ತಮ್ಮ ಡೇಟಾಶೀಟ್‌ನಲ್ಲೇ ಪಿಎಂ 4 ಮತ್ತು ಪಿಎಂ 10ರ ಅಂಕಿಗಳು ಅಳೆದ ಕಣಗಳ ಹಂಚಿಕೆಯಿಂದ ಲೆಕ್ಕ ಹಾಕಿದವು ಎಂದು ಒಪ್ಪಿಕೊಂಡಿದ್ದಾರೆ. ಅದು ಪ್ರಾಮಾಣಿಕ ಮಾತು. ಡಬ್ಬಿಯ ಮೇಲೆ ಇದನ್ನು ಮುದ್ರಿಸುವ ಮೀಟರ್ ಮಾರಾಟಗಾರರು ಅಪರೂಪ.

ಇದು ನಮ್ಮ ಭಾಗಕ್ಕೆ ಯಾಕೆ ಅಷ್ಟು ಮುಖ್ಯ? ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟು ಕಾರ್ಖಾನೆಗಳು, ಚಿತ್ತಾಪುರ ಮತ್ತು ಶಹಾಬಾದಿನ ಕಲ್ಲಿನ ಖಣಿಗಳು, ಪಾಲಿಶ್ ಘಟಕಗಳು, ಕಲಬುರಗಿಯ ಸುತ್ತ ದಾಲ್ ಮಿಲ್ಲುಗಳು, ಸುಗ್ಗಿಯಲ್ಲಿ ತೊಗರಿ ರಾಶಿ, ಬೇಸಿಗೆಯ ಗಾಳಿಗೆ ಏಳುವ ಎರೆಮಣ್ಣು. ಕಲ್ಲು ಕೊರೆಯುವಾಗ, ಬೇಳೆ ಒಡೆಯುವಾಗ, ಲಾರಿ ಹಾಯ್ದಾಗ ಏಳುವ ದೂಳಿನ ತೂಕವೆಲ್ಲ ಬಹುಪಾಲು ದಪ್ಪ ಕಣದಲ್ಲೇ ಇರುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆ ಕಲಬುರಗಿಯೂ ಇದೆ. ಆ ಕಾರ್ಯಕ್ರಮದಲ್ಲಿ ನಗರಗಳ ಪ್ರಗತಿ ನೋಡುವುದು ಪಿಎಂ 10ರ ಮೇಲೆ. ಊರಿನ ಮುಖ್ಯ ತೊಂದರೆ ಯಾವುದೋ ಅದನ್ನೇ ಈ ಮೀಟರ್ ಕಾಣಲಾರದು. ಪಾಲಿಶ್ ಅಂಗಳದಲ್ಲಿ ನಿಂತು ಮೀಟರ್ ಹಿಡಿದು 'ಬರೀ 45 ಇದೆ, ಏನೂ ಇಲ್ಲ' ಎಂದು ಕೆಲಸಗಾರರಿಗೆ ಹೇಳುವುದು ದೊಡ್ಡ ತಪ್ಪು. ಅಲ್ಲಿ ಅಳೆಯಬೇಕಾದದ್ದು ಕೆಲಸಗಾರನ ಕಾಲರಿಗೆ ಸಿಕ್ಕಿಸುವ ಸೈಕ್ಲೋನ್ (ದಪ್ಪ ಕಣವನ್ನು ಬೇರ್ಪಡಿಸುವ ಚಿಕ್ಕ ಸಾಧನ) ಮತ್ತು ಸೊಂಟದ ಪಂಪಿನಿಂದ, ಪಾಳಿ ಮುಗಿದ ಮೇಲೆ ಫಿಲ್ಟರ್ ತೂಗಿ. ಗ್ರಾನೈಟ್ ಅಥವಾ ಮರಳುಗಲ್ಲನ್ನು ಕೊರೆಯುವ ಕಡೆ ಸಿಲಿಕಾ ದೂಳಿನ ಭಯವೂ ಇದೆ. ಆ ದೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್, ಬಂದರೆ ವಾಸಿಯಾಗುವುದಿಲ್ಲ. ನೀರು ಹಾಯಿಸಿ ಕೊರೆಯುವುದು, ಐಎಸ್ 9473 (ಭಾರತೀಯ ಮಾನದಂಡ) ಗುರುತಿನ ಎಫ್‌ಎಫ್‌ಪಿ 2 ಮಾಸ್ಕ್ ಮೂಗಿನ ಪಟ್ಟಿ ಒತ್ತಿ ಬಿಗಿಯಾಗಿ ಕಟ್ಟುವುದು, ಈ ಎರಡಕ್ಕೆ ಮೀಟರಿನ ಅಪ್ಪಣೆ ಬೇಕಿಲ್ಲ. ಟವೆಲ್ ಸುತ್ತಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ.

ಇನ್ನೊಂದು ಕುರುಡು ಡೀಸೆಲ್ ಮಸಿಯದು. ಎಂಜಿನ್ನಿನಿಂದ ಆಗಷ್ಟೇ ಹೊರಬಿದ್ದ ಕಣಗಳು ಎಣಿಕೆಯಲ್ಲಿ ಹೆಚ್ಚಾಗಿ 0.1 ಮೈಕ್ರಾನಿಗಿಂತ ಚಿಕ್ಕವು. ಲೇಸರ್ ಕಣ್ಣಿಗೆ 0.3ಕ್ಕಿಂತ ಚಿಕ್ಕದು ಕಾಣುವುದಿಲ್ಲ. ಮೇಲಾಗಿ ಮಸಿ ಕಪ್ಪು, ಬೆಳಕನ್ನು ಚದರಿಸುವ ಬದಲು ನುಂಗುತ್ತದೆ. ಬಸ್ ನಿಲ್ದಾಣದಲ್ಲಿ ಎಂಜಿನ್ ಚಾಲೂ ಇಟ್ಟ ಬಸ್ಸಿನ ಹಿಂದೆ ನಿಂತಾಗ ಕಾಣುವ ಅಂಕಿ ನಿಜಕ್ಕಿಂತ ಕಡಿಮೆ ಎಂದೇ ತಿಳಿಯಿರಿ.

ಮಂಜು, ಉಗಿ ಇದ್ದಾಗ ತಿರುವುಮುರುವು. ಗಾಳಿಯ ತೇವ ಶೇ 75–80 ದಾಟಿದರೆ ಉಪ್ಪಿನಂಥ ಕಣಗಳು ನೀರು ಹೀರಿ ಉಬ್ಬುತ್ತವೆ, ಲೇಸರಿಗೆ ಅವೆಲ್ಲ ದೊಡ್ಡ ಕಣಗಳಾಗಿ ಕಾಣುತ್ತವೆ. ಬೀದರಿನ ಚಳಿಗಾಲದ ಬೆಳಗಿನಲ್ಲಿ ಮಂಜು ಮುಸುಕಿದಾಗ, ಶ್ರಾವಣದ ಜಡಿಮಳೆಯಲ್ಲಿ, ಅಂಕಿ ಹೆಚ್ಚು ಬಂದರೆ ಪೂರಾ ನಂಬಬೇಡಿ. ಎಸ್‌ಡಿಎಸ್ 011ಕ್ಕೆ ತಯಾರಕರು ಹಾಕಿದ ತೇವದ ಮಿತಿಯೇ ಶೇ 70, ನಮ್ಮ ಬೇಸಿಗೆಗೆ ಸರಿ, ಮಳೆಗಾಲಕ್ಕೆ ಸಾಲದು. ಕುಕ್ಕರ್ ಸೀಟಿ ಹೊಡೆದಾಗ ಪಕ್ಕದಲ್ಲಿಟ್ಟ ಮೀಟರ್ ಬೆಚ್ಚಿಬೀಳುವುದು ಬರೀ ನೀರ ಹನಿಗೆ. ಏರ್ ಕೂಲರ್ ಮುಂದೆ ಇಟ್ಟರೂ ಇದೇ ಗತಿ. ಕೂಲರಿನ ಬಗ್ಗೆ ಇನ್ನೊಂದು ಮಾತು: ಅದರ ಹುಲ್ಲಿನ ಪ್ಯಾಡು ದಪ್ಪ ದೂಳನ್ನು ಒಂದಿಷ್ಟು ಹಿಡಿದೀತು, ಪಿಎಂ 2.5ಕ್ಕೆ ಅದು ಜರಡಿಯಲ್ಲ. ಹೊರಗಿನ ಗಾಳಿಯನ್ನೇ ಎಳೆದು ಒಳಗೆ ತಳ್ಳುವ ಯಂತ್ರ ಅದು, ಓಣಿಯಲ್ಲಿ ಕಸ ಸುಡುತ್ತಿದ್ದರೆ ಆ ಹೊಗೆ ಪೂರಾ ಮಲಗುವ ಕೋಣೆಗೆ ಬರುತ್ತದೆ. ಅಂಥ ಹೊತ್ತಿನಲ್ಲಿ ಅರ್ಧ ಗಂಟೆ ಕೂಲರ್ ಬಂದ್ ಮಾಡಿ ಕಿಟಕಿ ಮುಚ್ಚಿ. ಈ ನಿರ್ಧಾರಕ್ಕೆ ಮೀಟರ್ ನಿಜವಾಗಿ ನೆರವಾಗುತ್ತದೆ.

ಇಷ್ಟೆಲ್ಲ ಕೊರತೆ ಹೇಳಿದ ಮೇಲೂ ಹೊಗೆಯ ವಿಷಯದಲ್ಲಿ ಈ ಮೀಟರಿಗೆ ಪೂರ್ತಿ ಅಂಕ ಕೊಡಬೇಕು. ಕಟ್ಟಿಗೆ ಒಲೆ, ಲೋಬಾನ, ಊದಿನಕಡ್ಡಿ, ಸೊಳ್ಳೆಬತ್ತಿ, ಒಗ್ಗರಣೆ, ಕರಿಯುವ ಎಣ್ಣೆ, ಸುಡುವ ಪ್ಲಾಸ್ಟಿಕ್ಕು, ಹೊಲದಲ್ಲಿ ಹಚ್ಚಿದ ಬೆಂಕಿ ಇವೆಲ್ಲದರ ಕಣ ಹೆಚ್ಚಾಗಿ 1 ಮೈಕ್ರಾನಿನ ಒಳಗಿನವು. ಅಂಕಿ ಹದಿನಾರಾಣೆ ನಿಖರವಲ್ಲದಿದ್ದರೂ ಏರಿತೋ ಇಳಿಯಿತೋ ಎಂಬುದು ನಿಮಿಷದೊಳಗೆ ಗೊತ್ತಾಗುತ್ತದೆ. ಮತ್ತು ಆರೋಗ್ಯಕ್ಕೆ ಹೆಚ್ಚು ಪೆಟ್ಟು ಕೊಡುವುದೂ ಈ ಸಣ್ಣ ಕಣಗಳೇ. ದಪ್ಪ ಕಣ ಮೂಗು, ಗಂಟಲು, ದೊಡ್ಡ ಶ್ವಾಸನಾಳದ ಲೋಳೆಯಲ್ಲಿ ಸಿಕ್ಕಿಬೀಳುತ್ತದೆ, ಸೀನಿನಲ್ಲಿ ಕೆಮ್ಮಿನಲ್ಲಿ ಹೊರಬರುತ್ತದೆ. 2.5ರ ಒಳಗಿನದು ಗಾಳಿಗೂಡಿನವರೆಗೆ ಇಳಿಯುತ್ತದೆ. ಅಲ್ಲಿ ಕಸ ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿಲ್ಲ. ರಕ್ಷಣೆಗೆ ಬಂದ ಕೋಶಗಳು ಅದನ್ನು ನುಂಗುವಾಗ ಉರಿಯೂತ ಏಳುತ್ತದೆ, ಅದರ ಪರಿಣಾಮ ರಕ್ತನಾಳಕ್ಕೆ, ಹೃದಯಕ್ಕೆ, ಮಿದುಳಿಗೆ ಹೋಗುತ್ತದೆ. ಹೃದಯಾಘಾತ, ಲಕ್ವಾ, ಸಿಒಪಿಡಿ (ಶ್ವಾಸನಾಳ ಕಟ್ಟುವ ದೀರ್ಘಕಾಲದ ಕಾಯಿಲೆ), ಶ್ವಾಸಕೋಶದ ಕ್ಯಾನ್ಸರ್, ಹುಟ್ಟುವ ಮಗುವಿನ ತೂಕ ಕಡಿಮೆಯಾಗುವುದು, ಇವೆಲ್ಲಕ್ಕೂ ಪಿಎಂ 2.5ಕ್ಕೂ ನಂಟಿರುವುದು ಸಾಬೀತಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2013ರಲ್ಲಿ ಹೊರಗಾಳಿಯ ಮಾಲಿನ್ಯವನ್ನೂ ಅದರೊಳಗಿನ ಕಣಗಳನ್ನೂ ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಗುಂಪಿಗೆ ಸೇರಿಸಿತು.

ಅಂಕಿ ಯಾವುದಕ್ಕೆ ಹೋಲಿಸಬೇಕು? 2009ರ ನವೆಂಬರಿನಲ್ಲಿ ಹೊರಟ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 2.5 ದಿನದ ಸರಾಸರಿ 60, ವರ್ಷದ ಸರಾಸರಿ 40 ಮೀರಬಾರದು. ಪಿಎಂ 10ಕ್ಕೆ 100 ಮತ್ತು 60. ವರ್ಷದ ಶೇ 98ರಷ್ಟು ದಿನ ದಿನದ ಮಿತಿ ಪಾಲಿಸಬೇಕು, ಉಳಿದ ಶೇ 2ರಲ್ಲೂ ಎರಡು ದಿನ ಒಟ್ಟಿಗೆ ಮೀರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇದಕ್ಕಿಂತ ಬಹಳ ಬಿಗಿ: ಪಿಎಂ 2.5 ದಿನಕ್ಕೆ 15, ವರ್ಷಕ್ಕೆ 5. ಅಮೆರಿಕ 2024ರಲ್ಲಿ ವರ್ಷದ ಮಿತಿಯನ್ನು 12ರಿಂದ 9ಕ್ಕೆ ಇಳಿಸಿತು. 60 ಎಂಬುದು ಕಾನೂನಿನ ಗೆರೆ, 59ರಲ್ಲಿ ಶ್ವಾಸಕೋಶಕ್ಕೆ ಏನೂ ಆಗುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ. ನಮ್ಮ ಮಾನದಂಡ ಹೊರಗಾಳಿಗೆ ಸಂಬಂಧಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯದು ಮನೆಯೊಳಗಿನ ಗಾಳಿಗೂ ಅನ್ವಯಿಸುತ್ತದೆ.

ಹೆಚ್ಚಿನವರು ಎಡವುವುದು 'ಸರಾಸರಿ' ಎಂಬ ಪದದಲ್ಲಿ. ಮೀಟರ್ ತೋರಿಸುವುದು ಈ ಕ್ಷಣದ ಅಂಕಿ, ಮಿತಿ ಇರುವುದು 24 ಗಂಟೆಗೆ. ಹತ್ತು ನಿಮಿಷ 300 ಇದ್ದರೆ ಅದು ದಿನದ ಸರಾಸರಿಗೆ ಸೇರಿಸುವುದು ಸುಮಾರು 2 ಮಾತ್ರ, ಗಾಬರಿ ಬೇಡ. ಆದರೆ ತೊಗರಿ ಕಟ್ಟಿಗೆ ಉರಿಸಿ ರೊಟ್ಟಿ ಬಡಿಯುವ ಅಡುಗೆಮನೆ ತೆಗೆದುಕೊಳ್ಳಿ. ಲೆಕ್ಕಕ್ಕಾಗಿ ಬೆಳಗ್ಗೆ ಸಂಜೆ ಸೇರಿ 3 ಗಂಟೆ 500, ಉಳಿದ 21 ಗಂಟೆ 30 ಎಂದುಕೊಳ್ಳೋಣ. 1500ಕ್ಕೆ 630 ಕೂಡಿಸಿ 24ರಿಂದ ಭಾಗಿಸಿದರೆ 89. ದಿನದ ಮುಕ್ಕಾಲು ಪಾಲು ಮೀಟರ್ ಹಸಿರು ತೋರಿಸಿದರೂ ಒಲೆ ಮುಂದೆ ಕೂತ ತಾಯಿಯ ಉಸಿರಿಗೆ ಮಿತಿ ಮೀರಿದ ಹೊಗೆ ಹೋಗಿದೆ. ಈ ಲೆಕ್ಕ ಹಾಕಲು ಗಂಟೆ ಗಂಟೆಯ ದಾಖಲೆ ಇಟ್ಟುಕೊಳ್ಳುವ, ಮೆಮೊರಿ ಕಾರ್ಡ್‌ಗೋ ಮೊಬೈಲಿಗೋ ತೆಗೆದುಕೊಡುವ ಮೀಟರೇ ಬೇಕು. ದಾಖಲೆ ಇಲ್ಲದ ಮೀಟರಿಗೆ ಒಂದು ಸಾವಿರ ಕಡಿಮೆ ಇದ್ದರೂ ಕೊಳ್ಳಬೇಡಿ.

ಎಕ್ಯುಐ (ಗಾಳಿ ಗುಣಮಟ್ಟದ ಸೂಚ್ಯಂಕ) ಎಂದು ಬಣ್ಣ ಹಚ್ಚಿ ತೋರಿಸುವ ಅಂಕಿಯನ್ನಂತೂ ಮರೆತುಬಿಡಿ. ಒಂದೇ ಗಾಳಿ, ಪಿಎಂ 2.5 ಸರಿಯಾಗಿ 60: ಭಾರತದ ಲೆಕ್ಕದಲ್ಲಿ ಎಕ್ಯುಐ 100, 'ತೃಪ್ತಿಕರ'. ಚೀನಾದ ಲೆಕ್ಕದಲ್ಲಿ ಸುಮಾರು 81. ಅಮೆರಿಕದ ಲೆಕ್ಕದಲ್ಲಿ 150 ದಾಟಿ 'ಅನಾರೋಗ್ಯಕರ'. ಮೀಟರ್ ಯಾವ ದೇಶದ ಕೋಷ್ಟಕ ಹಿಡಿದಿದೆ ಎಂದು ಕೈಪಿಡಿಯಲ್ಲಿ ಬಹಳ ಸಲ ಬರೆದೇ ಇರುವುದಿಲ್ಲ. ಮೈಕ್ರೋಗ್ರಾಂ ಅಂಕಿಯೊಂದನ್ನೇ ಓದಿ. ಅದೇ ಡಬ್ಬಿಯಲ್ಲಿ ಫಾರ್ಮಾಲ್ಡಿಹೈಡ್, ಟಿವಿಒಸಿ (ಗಾಳಿಯಲ್ಲಿರುವ ಸಾವಯವ ಆವಿಗಳ ಒಟ್ಟು ಮೊತ್ತ), ಇಂಗಾಲದ ಡೈಆಕ್ಸೈಡ್ ಎಲ್ಲ ಇದ್ದರೆ ಹಿಗ್ಗಬೇಡಿ. ಅತಿಗೆಂಪು ಬೆಳಕಿನಿಂದ ನೇರವಾಗಿ ಅಳೆಯುವ ಎನ್‌ಡಿಐಆರ್ ಸೆನ್ಸರ್ ಎಂದು ಬರೆದಿಲ್ಲದಿದ್ದರೆ ಆ ಡೈಆಕ್ಸೈಡ್ ಅಂಕಿ ಬೇರೆ ಅನಿಲಗಳಿಂದ ಮಾಡಿದ ಅಂದಾಜು. ಸ್ಯಾನಿಟೈಸರ್ ಕೈಗೆ ಹಚ್ಚಿದರೂ ಏರುತ್ತದೆ.

ಇಡುವ ಜಾಗ: ನೆಲದಿಂದ ಒಂದು, ಒಂದೂವರೆ ಮೀಟರ್ ಎತ್ತರ, ಕುಳಿತವರ ಮೂಗಿನ ಮಟ್ಟಕ್ಕೆ. ಒಲೆಯಿಂದ ಎರಡು ಮೀಟರ್ ದೂರ. ಫ್ಯಾನಿನ ನೇರಕ್ಕೆ, ಗೋಡೆಗೆ ಒತ್ತಿ, ನೇರ ಬಿಸಿಲಿಗೆ ಬೇಡ. ಬಿಸಿಲು ಒಳಗೆ ನುಸುಳಿದರೆ ಫೋಟೋಡಯೋಡಿಗೆ ಅದೂ ಕಣದ ಬೆಳಕಿನಂತೆಯೇ.

ನಿಮ್ಮ ಮೀಟರ್ ಸರಿಯೇ ಎಂದು ನೋಡಲು ಕಲಬುರಗಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ನಗರದ, ಯಾದಗಿರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಯ ನಿರಂತರ ಮಾಪನ ಕೇಂದ್ರಗಳ ಅಂಕಿಯನ್ನು ಬಳಸಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ತೋರಿಸುವ ಎಕ್ಯುಐ ಜೊತೆ ಹೋಲಿಸಿದರೆ ತಪ್ಪುತ್ತೀರಿ, ಕಣಗಳಿಗೆ ಅದು ಹಿಂದಿನ 24 ಗಂಟೆಯ ಸರಾಸರಿಯಿಂದ ಬಂದದ್ದು. ಮಂಡಳಿಯ ಜಾಲತಾಣದಿಂದ ಗಂಟೆವಾರು ಪಿಎಂ 2.5 ಇಳಿಸಿಕೊಂಡು, ಕೇಂದ್ರಕ್ಕೆ ಹತ್ತಿರದ ಮನೆಯ ಹೊರಜಗಲಿಯಲ್ಲಿ ಮಳೆ ಮಂಜಿಲ್ಲದ ಏಳೆಂಟು ದಿನ ಮೀಟರ್ ಇಟ್ಟು, ಅದೇ ಗಂಟೆಗಳ ಸರಾಸರಿ ಪಕ್ಕಪಕ್ಕ ಬರೆಯಿರಿ. ಸರ್ಕಾರಿ ಅಂಕಿಯನ್ನು ನಿಮ್ಮದರಿಂದ ಭಾಗಿಸಿದರೆ ಬರುವುದೇ ನಿಮ್ಮ ಗುಣಕ. ಚಳಿಗಾಲಕ್ಕೊಂದು, ಬೇಸಿಗೆಗೊಂದು ಬೇರೆ ಬೇರೆ ಬರುತ್ತದೆ, ಅದು ಸಹಜ. ಅಮೆರಿಕದ ಪರಿಸರ ಸಂಸ್ಥೆ ಪ್ಲಾಂಟವರ್ ಸೆನ್ಸರುಗಳಿಗೆ ತಿದ್ದುಪಡಿ ಸೂತ್ರ ಮಾಡಿಕೊಂಡಿದೆ: ಮೀಟರಿನ ಅಂಕಿಯನ್ನು 0.524ರಿಂದ ಗುಣಿಸಿ, ತೇವದ ಶೇಕಡಾ ಅಂಕಿಯನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಬೇಕು. ಅದು ಅಲ್ಲಿನ ಗಾಳಿಗೆ ಹೊಂದಿಸಿದ್ದು. ನಮ್ಮ ಎರೆಮಣ್ಣಿಗೆ, ಕಟ್ಟಿಗೆ ಹೊಗೆಗೆ ಅದನ್ನು ಹಾಗೆಯೇ ಹಾಕಬಾರದು.

ಏರ್ ಪ್ಯೂರಿಫೈಯರ್ ಇದ್ದವರಿಗೆ ಈ ಮೀಟರಿನ ಅತ್ಯುತ್ತಮ ಉಪಯೋಗ ಅದನ್ನು ಪರೀಕ್ಷಿಸುವುದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆ ಎಂದರೆ 34 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಬೇಕಾದರೆ ಸಿಎಡಿಆರ್ (ಯಂತ್ರ ಗಂಟೆಗೆ ಕೊಡುವ ಶುದ್ಧ ಗಾಳಿಯ ಪ್ರಮಾಣ) 170 ಘನ ಮೀಟರ್ ಬೇಕು. ಊದಿನಕಡ್ಡಿ ಹಚ್ಚಿ ಅಂಕಿ 200ಕ್ಕೆ ಬಂದಾಗ ಆರಿಸಿ, ಬಾಗಿಲು ಕಿಟಕಿ ಮುಚ್ಚಿ, ಹೊಗೆ ಹರಡಲು ಎರಡು ನಿಮಿಷ ಫ್ಯಾನ್ ತಿರುಗಿಸಿ, ಪ್ಯೂರಿಫೈಯರ್ ಹಾಕಿ. ಅಂಕಿ ಅರ್ಧಕ್ಕಿಳಿಯಲು 8 ನಿಮಿಷ ಆದರೆ ಗಂಟೆಗೆ ಐದು ಸಲ ಸಿಕ್ಕಿದೆ. 20 ನಿಮಿಷ ಹಿಡಿದರೆ ಎರಡೇ ಸಲ: ಫಿಲ್ಟರ್ ಕಟ್ಟಿದೆ, ಇಲ್ಲವೇ ಯಂತ್ರ ಆ ಕೋಣೆಗೆ ಚಿಕ್ಕದು. ಪ್ಯೂರಿಫೈಯರ್ ಗಾಳಿ ಬಿಡುವ ಬಾಯಿಗೆ ಮೀಟರ್ ಹಿಡಿದಾಗ ಅಂಕಿ ಸೊನ್ನೆಯ ಆಸುಪಾಸಿಗೆ ಬರಬೇಕು. ಅಲ್ಲೂ 15–20 ನಿಂತರೆ, ಒಂದೋ ಹೆಪಾ (ಅತಿ ಸಣ್ಣ ಕಣ ಹಿಡಿಯುವ) ಫಿಲ್ಟರಿನ ಅಂಚಿನಲ್ಲಿ ಸೋರಿಕೆ, ಇಲ್ಲವೇ ಮೀಟರಿನ ಲೇಸರ್ ಗೂಡಿನಲ್ಲೇ ದೂಳು ಕೂತಿದೆ.

ಎರಡನೆಯದು ನಮ್ಮಲ್ಲಿ ಬೇಗ ಆಗುತ್ತದೆ. ಎರೆಮಣ್ಣಿನ ದೂಳು, ಯಾದಗಿರಿ ಕಡೆ ಹತ್ತಿಯ ನಯವಾದ ಎಳೆ ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು ಗಾಳಿಯ ಓಟ ಕುಗ್ಗುತ್ತದೆ. ತಿಂಗಳಿಗೊಮ್ಮೆ, ರಸ್ತೆ ಬದಿಯ ಮನೆಯಾದರೆ ವಾರಕ್ಕೊಮ್ಮೆ, ಮೀಟರ್ ಬಂದ್ ಮಾಡಿ, ಕ್ಯಾಮೆರಾ ಒರೆಸುವವರು ಬಳಸುವ ರಬ್ಬರ್ ಬುಗ್ಗೆಯಿಂದ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡವೇ ಬೇಡ, ಅದು ದೂಳನ್ನು ಲೆನ್ಸಿಗೇ ಒತ್ತಿ ಕೂರಿಸುತ್ತದೆ, ಎಣ್ಣೆ ಹನಿಯನ್ನೂ ತರುತ್ತದೆ. ಒದ್ದೆ ಬಟ್ಟೆ ಹಾಕಬೇಡಿ. ಆಯಸ್ಸಿನ ಲೆಕ್ಕವೂ ಇರಲಿ: ಎಸ್‌ಡಿಎಸ್ 011ರ ಆಯಸ್ಸು 8000 ಗಂಟೆ, ಹಗಲು ರಾತ್ರಿ ಬಿಟ್ಟರೆ ಹನ್ನೊಂದು ತಿಂಗಳು. ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಮಾತ್ರ ಎದ್ದು ಅಳೆಯುವ ಸೌಲಭ್ಯವಿದ್ದರೆ ಅದನ್ನೇ ಹಾಕಿ, ಆಯಸ್ಸು ಐದು ಪಟ್ಟು ಬರುತ್ತದೆ. ಪ್ಲಾಂಟವರ್ ಮೂರು ವರ್ಷಕ್ಕೂ ಹೆಚ್ಚು ಎನ್ನುತ್ತದೆ. ಎಸ್‌ಪಿಎಸ್ 30ಕ್ಕೆ ವಾರಕ್ಕೊಮ್ಮೆ ತಾನೇ ಫ್ಯಾನ್ ಜೋರು ಮಾಡಿ ದೂಳು ಊದಿಕೊಳ್ಳುವ ಗುಣವಿದೆ. ಇಲ್ಲಿನ ದೂಳಿಗೆ ಹೆಚ್ಚಿನ ಬೆಲೆ ಕೊಟ್ಟಾದರೂ ಅದನ್ನೇ ಆರಿಸಿ ಎಂಬುದು ಈ ವಿಮರ್ಶೆಯ ಸಲಹೆ. ಏಪ್ರಿಲ್, ಮೇ ತಿಂಗಳಲ್ಲಿ ಮೀಟರನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಲಿಥಿಯಂ ಬ್ಯಾಟರಿ ಉಬ್ಬಿ ಪರದೆಯನ್ನೇ ಮೇಲಕ್ಕೆ ಎತ್ತುತ್ತದೆ.

ಒಲೆ ಹೊಗೆ ಇರುವ ಮನೆ, ಅಸ್ತಮಾ ಇರುವ ಮಕ್ಕಳು, ಹೃದಯದ ತೊಂದರೆಯ ಹಿರಿಯರು, ಕಸ ಸುಡುವ ಓಣಿ, ಪ್ಯೂರಿಫೈಯರ್ ಹಾಕಿಸಿದ ದವಾಖಾನೆ ಅಥವಾ ಶಾಲೆ, ಇಂಥಲ್ಲಿ ಕೊಳ್ಳಿ. ಖಣಿ, ಪಾಲಿಶ್ ಅಂಗಳ, ದಾಲ್ ಮಿಲ್ಲಿಗೆ ಕೊಳ್ಳಬೇಡಿ, ಆ ದುಡ್ಡಿಗೆ ಮಾಸ್ಕಿನ ಪೆಟ್ಟಿಗೆ ತನ್ನಿ. ಮೂರ್ನಾಲ್ಕು ವರ್ಷಕ್ಕೆ ಅಂಕಿ ಅಡ್ಡಾದಿಡ್ಡಿಯಾದರೆ ಇಡೀ ಮೀಟರ್ ಎಸೆಯಬೇಕಿಲ್ಲ. ಹಿಂಬದಿಯ ಸ್ಕ್ರೂ ಬಿಚ್ಚಿದರೆ ಒಳಗಿನ ನೀಲಿ ಅಥವಾ ಬೆಳ್ಳಿ ಬಣ್ಣದ ಸೆನ್ಸರ್ ಡಬ್ಬಿ ಒಂದೇ ಸಣ್ಣ ಕನೆಕ್ಟರಿನಲ್ಲಿ ಸಿಕ್ಕಿಸಿರುತ್ತದೆ. ಅದೇ ಮಾದರಿ ಸಂಖ್ಯೆಯ ಹೊಸದನ್ನು ತರಿಸಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಾಕಿಸಿ, ಮತ್ತೆ ಒಂದು ವಾರ ಸರ್ಕಾರಿ ಅಂಕಿಯ ಜೊತೆ ಹೋಲಿಸಿ ಹೊಸ ಗುಣಕ ಬರೆದಿಟ್ಟುಕೊಳ್ಳಿ.